ಮಾರಮ್ಮನಿಗೆ ಬಿಟ್ಟ ಕೆಂಪಿ

೬ ಫೆಬ್ರುವರಿ ೧೯೬೧, ಸೋಮವಾರ

ಬೆಳಿಗ್ಗೆ ಆರಕ್ಕೆ ಗೂಡಿನ ಬಾಗಿಲು ತೆಗೆದೆ. ಮಹಿಳಾ ಮಂಡಳಿಯ ಹನ್ನೆರಡು ಲೆಗಾರ್ನ್ ಕೋಳಿಗಳೂ ಹುಷಾರು. ಬೆಳ್ಳಗೆ, ಇಸ್ತ್ರಿ ಮಾಡಿಟ್ಟ ಹಾಗಿವೆ. ಊರಿನ ಹೆಂಗಸರಿಗೆ ಇವುಗಳ ಮೇಲೆ ನಂಬಿಕೆ ಇಲ್ಲ. ಬಿಳಿ ಕೋಳಿಯನ್ನು ಮಾರಮ್ಮ ಒಪ್ಪುವುದಿಲ್ಲವಂತೆ, ಕೆಂಪೋ ಕಪ್ಪೋ ಆಗಬೇಕಂತೆ. ಮಾರಮ್ಮನಿಗಲ್ಲ, ಮೊಟ್ಟೆಗೆ ಎಂದು ಹೇಳಿ ಹೇಳಿ ನನ್ನ ಗಂಟಲು ಬಿತ್ತು.

ಸರ್ಕಾರಿ ಡೈರಿಯಲ್ಲಿ ‘ಹೊಗೆ ಇಲ್ಲದ ಒಲೆ ಪ್ರದರ್ಶನ, ಹಾಜರು ೯’ ಎಂದು ಬರೆದೆ. ಕೂತವರು ನಾಲ್ಕು ಜನ. ಉಳಿದ ಐವರು ಬಾಗಿಲಲ್ಲಿ ನಿಂತು ನಕ್ಕು ಹೋದವರು. ಅವರೂ ಹಾಜರೇ. ಆ ಡೈರಿಗೆ ಬಿ.ಡಿ.ಓ. ಸಾಹೇಬರ ರುಜು ಬೀಳುತ್ತದೆ. ಈ ನೋಟ್‌ಬುಕ್ಕಿಗೆ ಯಾರ ರುಜುವೂ ಇಲ್ಲ, ಹಾಗಾಗಿ ಇದರಲ್ಲಿ ಸುಳ್ಳೂ ಬೇಕಿಲ್ಲ.

ಮರವಳ್ಳಿಗೆ ಗ್ರಾಮಸೇವಿಕೆಯಾಗಿ ಬಂದು ಎಂಟು ತಿಂಗಳು. ಇರುವುದು ಮುನಿಗಂಗಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಊಟವೂ ಅವಳ ಕೈಯದೇ. ಅವಳ ಗಂಡ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದ. ಎದೆಯಲ್ಲಿ ಕಲ್ಲಿನ ಧೂಳು ಕೂತು ಹೋದ. ಐದು ವರ್ಷವಾಯಿತು. ಗಣಿ ಕೆಲಸದವರ ಲೈನ್ ಮನೆ ಖಾಲಿ ಮಾಡಿಸಿದ ಮೇಲೆ ತವರಿಗೆ ಬಂದು ಇಪ್ಪತ್ತು ನಾಟಿ ಕೋಳಿ ಸಾಕಿಕೊಂಡು ಬದುಕುತ್ತಿದ್ದಾಳೆ. ಅದರಲ್ಲಿ ಒಂದು ಕೆಂಪಿ. ನನ್ನ ಹೊಸ್ತಿಲ ಮೇಲೆಯೇ ಮಲಗುತ್ತದೆ, ಓಡಿಸಿದರೆ ನನ್ನನ್ನೇ ಗುರಾಯಿಸುತ್ತದೆ.

ಇವತ್ತು ಎದುರು ಮನೆಯ ಅಮ್ಮಾಜಮ್ಮ ಕೋಳಿ ಕಾವಿಗೆ ಕೂರಿಸುತ್ತಿದ್ದಳು. ಪೂಜಾರಿಯ ಹೆಂಡತಿ, ಬೀದಿಗೆಲ್ಲ ಅವಳ ಮಾತೇ ಮಾತು. ಬುಟ್ಟಿಗೆ ಮೊಟ್ಟೆ ಇಡಲು ಮುನಿಗಂಗಮ್ಮ ಕೈ ಚಾಚಿದಳು.

“ನೀನ್ ಮುಟ್ಬ್ಯಾಡ ಕಣೆ. ನಿನ್ ಕೈ ತಾಕಿದ್ರೆ ಮರಿ ಒಡೆಯಾಕಿಲ್ಲ.”

ಮುನಿಗಂಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಏನೂ ಆಗದವಳ ಹಾಗೆ ರಾಗಿ ಕೇರುತ್ತಾ ಕೂತಳು. ನನಗೆ ಮೈಯೆಲ್ಲ ಉರಿಯಿತು.

೧೬ ಫೆಬ್ರುವರಿ, ಗುರುವಾರ

ಅಮ್ಮಾಜಮ್ಮನ ಕಾವು ಕೋಳಿ ಬುಟ್ಟಿಯಲ್ಲೇ ಸತ್ತಿದೆ. ಮೊಟ್ಟೆಗಳ ಮೇಲೆ ಕೂತ ಹಾಗೆಯೇ. ನಿನ್ನೆ ಸಂಜೆ ಚೆನ್ನಾಗಿ ಕಾಳು ತಿಂದಿತ್ತಂತೆ. ಜುಟ್ಟು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ಮಧ್ಯಾಹ್ನದ ಹೊತ್ತಿಗೆ ಆ ಸಾಲಿನಲ್ಲಿ ಇನ್ನೂ ಏಳು.

ಕೊಕ್ಕರೆ ರೋಗ ಎಂದರು ಎಲ್ಲರೂ. ನಾನೂ ತಲೆ ಆಡಿಸಿದೆ, ಗೊತ್ತಿದ್ದವಳ ಹಾಗೆ.

ಸತ್ತದ್ದನ್ನೆಲ್ಲ ಕೆರೆ ಅಂಗಳಕ್ಕೆ ಎಸೆದು ಬರುತ್ತಿದ್ದಾರೆ. ಹೂಳಿ ಎಂದರೆ, “ಕೋಳಿಗೂ ಗೋರಿ ಕಟ್ಟಾನೇನಮ್ಮ?” ಎಂದು ನಗುತ್ತಾರೆ.

೧೭ ಫೆಬ್ರುವರಿ, ಶುಕ್ರವಾರ

ಮೊಟ್ಟೆ ಕುಪ್ಪುಸ್ವಾಮಿ ಸೈಕಲ್ಲಿನಲ್ಲಿ ಬಂದ. ವಾರಕ್ಕೊಮ್ಮೆ ಬಂದು ಮೊಟ್ಟೆ, ಕೋಳಿ ಕೊಂಡು ಚಾಂಪಿಯನ್ ರೀಫ್ಸ್ ಲೈನ್‌ಗಳಲ್ಲಿ ಮಾರುವವನು. ತೂಕಡಿಸುತ್ತಿರುವ ಕೋಳಿಗಳನ್ನೂ ಬುಟ್ಟಿಗೆ ತುಂಬತೊಡಗಿದ. ಅಡ್ಡ ನಿಂತೆ.

“ಎನ್ನ ಮೇಡಂ, ಸುಮ್ನೆ ಮಣ್ಣಿಗೆ ಆಕ್ತೀರ? ನಾಯಿತ್ತುಕ್ಕಿಳಮೆ, ಬಾನುವಾರ, ಲೈನಲ್ಲಿ ಎಲ್ಲರ ಮನೇಲೂ ಕೋಳಿ ಕೊಳಂಬು.”

ರೋಗದ ಕೋಳಿ, ಲೈನಿನ ಕೋಳಿಗಳಿಗೂ ಹತ್ತುತ್ತದೆ ಎಂದೆ. ಅವನು ಕೇಳಲಿಲ್ಲ. ಮುನಿಗಂಗಮ್ಮ ಎದ್ದು ಬಂದು ಅವನ ಬುಟ್ಟಿಯ ಮುಚ್ಚಳ ತೆಗೆದಳು. “ಕುಪ್ಪಣ್ಣ, ನನ್ ಗಂಡನ ಜೊತೆ ಒಂದೇ ಶಿಫ್ಟಲ್ಲಿ ಕೆಳಗಿಳ್ದೋನು ನೀನು. ಆ ಲೈನ್ ಜನಕ್ಕೆ ಸೀಕು ತಿನ್ಸ್ತೀಯ?” ಎಂದಳು. ಆತ ಒಂದೊಂದಾಗಿ ಎತ್ತಿ ಕೆಳಗೆ ಬಿಟ್ಟ. ಖಾಲಿ ಬುಟ್ಟಿ ಕಟ್ಟಿಕೊಂಡು ಹೋದ.

ಹುಣಸೆ ಮರದ ಕೆಳಗೆ ಕಾಗೆಗಳು ಬಿದ್ದಿವೆ. ಒಂಬತ್ತು. ಎರಡು ಗೊರವಂಕ. ಕೆರೆ ಅಂಗಳದಲ್ಲಿ ಕುಕ್ಕಿ ತಿಂದು ಬಂದವು. ಈಗ ಯಾರೂ ನಗುತ್ತಿಲ್ಲ.

೨೦ ಫೆಬ್ರುವರಿ, ಸೋಮವಾರ. ಬಂಗಾರಪೇಟೆ

ವೆಟರ್ನರಿ ಡಾಕ್ಟರ್ ಶ್ರೀರಾಮಪ್ಪನವರು ಮೊನ್ನೆ ಬಂದು ಸತ್ತ ಕೋಳಿಯ ಎದೆ ಕೊಯ್ದು ರಕ್ತ ಗಾಜಿಗೆ ಸವರಿಕೊಂಡು ಹೋಗಿದ್ದರು. ಇವತ್ತು ಮೀಟಿಂಗಿಗೆ ಬಂದವಳು ಅವರ ಕೋಣೆಗೆ ಇಣುಕಿದೆ. ಮೈಕ್ರೋಸ್ಕೋಪ್ ತೋರಿಸಿದರು. ಸಣ್ಣ ಸಣ್ಣ ಕಡ್ಡಿಗಳು. ಎರಡು ತುದಿಗೆ ಮಾತ್ರ ಬಣ್ಣ ಹಿಡಿದಿದೆ, ನಡುವೆ ಖಾಲಿ.

“ಕೊಕ್ಕರೆ ರೋಗ ಅಲ್ಲಮ್ಮ ಇದು. ಕೋಳಿ ಕಾಲರಾ. ಬ್ಯಾಕ್ಟೀರಿಯಾ.”

ಇಷ್ಟು ಸಣ್ಣದಕ್ಕೆ ಇಷ್ಟು ಸೊಕ್ಕೇ ಎನ್ನಿಸಿತು. ಮಾತ್ರೆ ಕೊಟ್ಟರು, ಸಲ್ಫಾ. ಒಂದು ಚಿಕ್ಕ ಪೊಟ್ಟಣ. “ಮಂಡಳಿ ಕೋಳಿಗೆ ಮಾತ್ರ. ಐದು ದಿನ ಬಿಡದೆ ಹಾಕಬೇಕು. ಊರಿಗೆಲ್ಲ ಕೊಡುವಷ್ಟು ಸ್ಟಾಕ್ ಇಲ್ಲ.” ಸುಣ್ಣ ಹಾಕಿ ಹೂಳಿಸಿ ಎಂದರು.

ಊರಲ್ಲಿ ‘ಕಾಲರಾ’ ಎನ್ನಬೇಡ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ. ಇಳಿಯುತ್ತಲೇ ಬಾಯಿ ತಪ್ಪಿ ಅಂದೆ. ಅರ್ಧ ಗಂಟೆಯಲ್ಲಿ ಊರೆಲ್ಲ ನೀರು ಕಾಯಿಸುತ್ತಿತ್ತು.

೨೪ ಫೆಬ್ರುವರಿ, ಶುಕ್ರವಾರ

ಲೆಗಾರ್ನ್ ಹನ್ನೆರಡೂ ಹೋದವು. ಮಾತ್ರೆ ತಡವಾಯಿತು.

ಮುನಿಗಂಗಮ್ಮನ ಹತ್ತೊಂಬತ್ತೂ ಹೋದವು. ಉಳಿದದ್ದು ಕೆಂಪಿ ಒಂದೇ. ಒರಳುಕಲ್ಲಿನ ಪಕ್ಕದಲ್ಲಿ ರೆಕ್ಕೆ ಇಳಿಬಿಟ್ಟುಕೊಂಡು ಕೂತಿದೆ. ಬಾಯಿಂದ ಲೋಳೆ, ಹಿಂದೆ ಹಸಿರು ನೀರು. ಮುನಿಗಂಗಮ್ಮ ಮಾರಮ್ಮನ ಗುಡಿಯ ಮೆಟ್ಟಿಲಿಗೆ ನೀರು ಹಾಕಲು ಹೋದಳು. ಒಂದೇ ಒಂದನ್ನು ಉಳಿಸು ಎಂದು ಬೇಡಲು.

ಪೊಟ್ಟಣದಲ್ಲಿ ಎರಡು ಮಾತ್ರೆ ಉಳಿದಿತ್ತು. ಒಂದನ್ನು ಅರೆದು, ಕೊಕ್ಕು ಬಿಡಿಸಿ, ನೀರಿನ ಜೊತೆ ಹಾಕಿದೆ. ಅರ್ಧ ನನ್ನ ಸೀರೆಗೆ ಉಗುಳಿತು. ನಾಳೆಗೆ ಇನ್ನೊಂದು. ಆಮೇಲೆ ಇಲ್ಲ. ಐದು ದಿನದ್ದು ಎರಡು ದಿನಕ್ಕೇ ಮುಗಿಯುತ್ತದೆ.

ಯಾರಿಗೂ ಹೇಳಿಲ್ಲ. ಸರ್ಕಾರದ ಮಾತ್ರೆ ಖಾಸಗಿ ಕೋಳಿಗೆ ಹಾಕಿದ್ದು ತಪ್ಪು. ಅದಕ್ಕಿಂತ, ನಮ್ಮ ಕೋಳಿಗೆ ಯಾಕಿಲ್ಲ ಎಂದು ಅಮ್ಮಾಜಮ್ಮ ಕೇಳಿದರೆ ಉತ್ತರವಿಲ್ಲ.

೧ ಮಾರ್ಚ್, ಬುಧವಾರ

ಕೆಂಪಿ ಎದ್ದು ನಿಂತಿದೆ. ರಾಗಿ ತಿಂದಿತು. ಮುನಿಗಂಗಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆ ಇಲ್ಲದೆ. ಮೈಯೆಲ್ಲ ಹೆಮ್ಮೆ. ಅಂಚೆ ಕಾರ್ಡು ಹಾಕಿ ಡಾಕ್ಟರಿಗೆ ತಿಳಿಸಿಬಿಡೋಣ ಅನ್ನಿಸಿತು. ಸುಮ್ಮನಾದೆ.

೭ ಮಾರ್ಚ್, ಮಂಗಳವಾರ

ಊರಲ್ಲಿ ಇನ್ನೂರಕ್ಕೂ ಹೆಚ್ಚು ಕೋಳಿ ಸತ್ತಿವೆ. ಉಳಿದದ್ದು ಇದೊಂದೇ. ಎಲ್ಲರೂ ಹಾಗೆಯೇ ಹೇಳುತ್ತಾರೆ.

ಮುನಿಗಂಗಮ್ಮ ಕೆಂಪಿಯನ್ನು ಮಾರಮ್ಮನಿಗೆ ಬಿಟ್ಟಳು. ಅರಿಶಿನದ ನೀರು ಚಿಮುಕಿಸಿ ಗುಡಿಯ ಮುಂದೆ ಕೆಳಗಿಳಿಸಿದಳು. ಇನ್ನು ಅದು ಯಾರ ಕೋಳಿಯೂ ಅಲ್ಲ. ಯಾವ ಮನೆಗೆ ನುಗ್ಗಿದರೂ ಅಟ್ಟುವ ಹಾಗಿಲ್ಲ. ಎಲ್ಲಿ ಕಾಳು ತಿಂದು ನೀರು ಕುಡಿಯುತ್ತದೋ ಆ ಮನೆಗೆ ಒಳ್ಳೆಯದು.

ಅದರ ಕೊಕ್ಕಿನ ಕೆಳಗೆ ಜೋತುಬಿದ್ದ ತೊಗಲು ಒಂದು ಕಡೆ ಮಾತ್ರ ಗೋಲಿಯಷ್ಟು ಊದಿಕೊಂಡಿದೆ, ಇಳಿದೇ ಇಲ್ಲ. ಮಾರಮ್ಮ ಮುದ್ದಿನಿಂದ ಚಿವುಟಿದ ಗುರುತು ಎಂದು ಅಮ್ಮಾಜಮ್ಮ ಅದಕ್ಕೆ ಕುಂಕುಮ ಇಟ್ಟಳು.

ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮ ಮಾರಮ್ಮ ನನ್ನ ಕೈಚೀಲದಲ್ಲಿದ್ದಳು ಎಂದು. ಆಗಲೇ ಅಮ್ಮಾಜಮ್ಮ ಮುನಿಗಂಗಮ್ಮನ ಕೈ ಹಿಡಿದು ಗುಡಿಯ ಒಳಗೆ ಕರೆದುಕೊಂಡಳು. ಐದು ವರ್ಷದಲ್ಲಿ ಮೊದಲ ಸಲ. ಆ ಮುಖ ನೋಡಿದ ಮೇಲೆ ಮಾತ್ರೆಯ ವಿಷಯ ಯಾರಿಗೆ ಬೇಕು?

೧೮ ಏಪ್ರಿಲ್, ಮಂಗಳವಾರ

ಒಲೆ ಪ್ರದರ್ಶನಕ್ಕೆ ನಿಜವಾಗಿಯೂ ಒಂಬತ್ತು ಜನ. ಕಾರಣ ಒಲೆಯಲ್ಲ, ಮುನಿಗಂಗಮ್ಮ.

ಹೆಂಗಸರು ತವರಿನಿಂದ, ಕಾಮಸಮುದ್ರದ ಸಂತೆಯಿಂದ ಮತ್ತೆ ಕೋಳಿ ತಂದುಕೊಂಡಿದ್ದಾರೆ. ಕಾವಿಗೆ ಕೂರಿಸುವಾಗ ಮೊಟ್ಟೆ ಇಡಲು ಎಲ್ಲರಿಗೂ ಮುನಿಗಂಗಮ್ಮನೇ ಬೇಕು. ಅವಳ ಕೈಗುಣವಂತೆ. ಅದೇ ಕೈ. ಬೆಳಿಗ್ಗೆ ಮನೆಯ ಮುಂದೆ ಸಾಲು. ಅವಳು ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿ, ಬೇಡದ್ದನ್ನು ತೆಗೆದು, ಉಳಿದದ್ದನ್ನು ಇಡುತ್ತಾಳೆ. ಮೊದಲಿನಿಂದಲೂ ಬಲ್ಲ ಕೆಲಸ, ಕೇಳುವವರಿರಲಿಲ್ಲ.

ಈಗ ನಡಿಗೆಯೇ ಬೇರೆ. ಬೀದಿಯ ನಡುವೆ ನಡೆಯುತ್ತಾಳೆ. ನಿನ್ನೆ ಹಾಡು ಗುನುಗುತ್ತಿದ್ದಳು, ತೆಲುಗಿನದು. ನಾನು ಬಂದದ್ದು ನೋಡಿ ನಿಲ್ಲಿಸಿದಳು.

೧೨ ಜೂನ್, ಸೋಮವಾರ

ಮತ್ತೆ ಶುರುವಾಯಿತು.

ಮೊನ್ನೆ ಮೂರು. ನಿನ್ನೆ ಹತ್ತು. ಎಲ್ಲ ಹೊಸದಾಗಿ ತಂದವು. ಅದೇ ನೇರಳೆ ಜುಟ್ಟು.

೧೪ ಜೂನ್, ಬುಧವಾರ

ಡಾಕ್ಟರು ಜೀಪಿನಲ್ಲಿ ಬಂದರು. ಮೊದಲ ಪ್ರಶ್ನೆ: “ಹೋದ ಸಲ ಬದುಕಿದ ಕೋಳಿ ಯಾವುದಾದರೂ ಇದೆಯೇನಮ್ಮ?”

ಕೆಂಪಿ ಆಗಲೇ ಎದುರಿನ ಮನೆಯಿಂದ ಹೊರಗೆ ಬಂತು. ಹಣೆಗೆ ಕುಂಕುಮ. ಪಕ್ಕದ ಮನೆಯ ಬಾನಿಗೆ ಕೊಕ್ಕು ಹಾಕಿ ನೀರು ಕುಡಿಯಿತು. ತಲೆ ಕೊಡವಿ ಸೀನಿತು. ಅಲ್ಲಿಂದ ಆಚೆ ಮನೆಗೆ ನಡೆಯಿತು.

ಡಾಕ್ಟರು ನೋಡುತ್ತಲೇ ನಿಂತರು. ಊದಿದ ತೊಗಲು ತೋರಿಸಿ, “ಅದರಲ್ಲೇ ಕೂತಿದೆ. ಮೂಗಿನಲ್ಲಿ, ಗಂಟಲಲ್ಲಿ. ಬದುಕಿದ ಕೋಳಿಗೆ ಏನೂ ಆಗೋದಿಲ್ಲ. ಕುಡಿದ ನೀರಿಗೆಲ್ಲ ರೋಗ ಬಿಟ್ಟು ಬರುತ್ತೆ, ಇರೋವರೆಗೂ,” ಎಂದರು.

ಮಾತ್ರೆ ಹಾಕಿದ್ದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. “ಐದು ದಿನ ಹಾಕಿದ್ದರೂ ಹೀಗಾಗಬಹುದಿತ್ತು ಬಿಡಿ,” ಎಂದರು. ಸಮಾಧಾನಕ್ಕೆ ಅಂದದ್ದೋ, ನಿಜವೋ. ಅದನ್ನು ಕೊಂದು ಹೂಳಬೇಕು. ದೇವರಿಗೆಂದು ಕೊಯ್ದು ರಕ್ತ, ಪುಕ್ಕ ಚೆಲ್ಲಬಾರದು. ಬೇರೆ ಯಾರ ಮನೆಯಲ್ಲಾದರೂ ಹಳೆಯದು ಉಳಿದಿದ್ದರೆ ಅದನ್ನೂ ಎಂದರು.

ಮನೆ ಮನೆಗೂ ಹೋಗಿ ಕೇಳಿದೆ. ಯಾರ ಮನೆಯಲ್ಲೂ ಇಲ್ಲ. “ಉಳಿದಿದ್ದು ಮಾರಮ್ಮನದೊಂದೇ ಅಲ್ವಾ ಮೇಡಮ್ಮ?” ಎಂದಳು ಅಮ್ಮಾಜಮ್ಮ.

೧೫ ಜೂನ್, ಗುರುವಾರ

ಕೆಂಪಿಯನ್ನು ಕೊಲ್ಲಬೇಕಾದರೆ ಅದು ಮಾರಮ್ಮ ಉಳಿಸಿದ್ದಲ್ಲ ಎಂದು ಹೇಳಬೇಕು. ಹಾಗೆಂದರೆ ಮುನಿಗಂಗಮ್ಮ ನಾಳೆಯಿಂದ ಮತ್ತೆ ಗುಡಿಯ ಗೋಡೆಯ ಆಚೆ. ಹೇಳದಿದ್ದರೆ ಊರಿನ ಗೂಡುಗಳೆಲ್ಲ ಖಾಲಿ, ಅವಳ ಎಂಟು ಹೊಸ ಕೋಳಿಗಳೂ ಸೇರಿ. ಮಾರಮ್ಮ ಕೇಳಿದಳು ಎಂದು ಬಲಿಯ ನೆಪ ಹೇಳೋಣವೆಂದರೆ ಎಲ್ಲರ ಮನೆಗೂ ಪ್ರಸಾದದ ತುಂಡು ಹೋಗಬೇಕು, ಗುಡಿ ಮುಂದೆ ರಕ್ತ ಬೀಳಬೇಕು.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಎಲ್ಲವನ್ನೂ. ಮಾತ್ರೆ, ಕಡ್ಡಿಗಳು, ಮೂಗು, ಬಾನಿಯ ನೀರು. ಮುನಿಗಂಗಮ್ಮ ಮುದ್ದೆ ಮುರಿದು ಸಾರಿಗೆ ಅದ್ದುತ್ತಲೇ ಕೇಳಿದಳು.

“ನಾನು ಮನೆ ಮನೆಗೂ ಓಗಿ ಕಾವು ಕೂರ್ಸಿದ್ನಲ್ಲ ಅಮ್ಮಣ್ಣಿ, ಕೆಂಪೀನ ಮುಟ್ಟಿದ ಕೈಲೇ. ಅದರಿಂದಾನೂ ಓಗಿರ್ತದಾ?”

ಗೊತ್ತಿಲ್ಲ ಗಂಗಮ್ಮಕ್ಕ, ಹೋಗಿದ್ದರೂ ಹೋಗಿರಬಹುದು ಎಂದೆ.

ಕೈ ನೋಡಿಕೊಂಡಳು. ಊಟ ಬಿಟ್ಟು ಎದ್ದಳು.

೧೯ ಜೂನ್, ಸೋಮವಾರ

ನಾಲ್ಕು ದಿನವಾಯಿತು. ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಾಳೆ. ತಟ್ಟೆ ಇಟ್ಟು ಹೋಗುತ್ತಾಳೆ. ಮೊಟ್ಟೆ ಇಡಲು ಕರೆದವರಿಗೆ ಸೊಂಟ ನೋವು ಎಂದಳು.

ಇವತ್ತು ಸತ್ತದ್ದು ಹದಿನಾರು. ಬಲವಂತ ಮಾಡಲು ನನಗೆ ಯಾವ ಬಾಯಿ ಇದೆ? ಇವಳ ಸಂತೋಷಕ್ಕೆ ಮೂರು ತಿಂಗಳ ವಾಯಿದೆ ಹಾಕಿ ಕೊಟ್ಟವಳು ನಾನೇ.

೨೦ ಜೂನ್, ಮಂಗಳವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಗಿನ ಪೂಜೆಗೆ ಹೆಂಗಸರೆಲ್ಲ ಸೇರಿದ್ದರು. ಮುನಿಗಂಗಮ್ಮ ಕೆಂಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಅಮ್ಮಾಜಮ್ಮ ಜಾಗ ಬಿಟ್ಟಳು. ಮುನಿಗಂಗಮ್ಮ ಒಳಗೆ ಹೋಗಲಿಲ್ಲ, ಅಂಗಳದಲ್ಲೇ ನಿಂತಳು.

“ಇದನ್ನ ಮಾರಮ್ಮ ಉಳಿಸ್ಲಿಲ್ಲ. ಈ ಅಮ್ಮಣ್ಣಿ ಮಾತ್ರೆ ಆಕಿ ಉಳ್ಸಿದ್ದು. ಅವತ್ತು ನಾನು ಗುಡಿಯಿಂದ ಬಂದಾಗ ಕೊಕ್ಕಿನ ಮ್ಯಾಲೆ ಬಿಳೀ ಪುಡಿ ಅಂಟಿತ್ತು. ನಾನೇ ಸೆರಗಲ್ಲಿ ಒರೆಸ್ದೆ.”

ಅವಳಿಗೆ ಗೊತ್ತಿತ್ತು!

“ಗೊತ್ತಿದ್ದೂ ಬಿಟ್ಟೆ ಅಮ್ಮಂಗೆ. ನನ್ ಕೈಗುಣ ಅಂದ್ರಿ. ಬಾ ಗಂಗಮ್ಮ, ಬಾ ಗಂಗಮ್ಮ ಅಂತ ಮನೆ ಒಳೀಕೆ ಕರೆದ್ರಿ. ಐದು ವರ್ಸದಿಂದ ನನ್ನ ಯಾರೂ ಬಾ ಅಂದಿರ್ಲಿಲ್ಲ. ಸೊಗಸಾಗಿತ್ತು ನಂಗೆ. ಅದಕ್ಕೇ ಬಾಯ್ಮುಚ್ಕಂಡಿದ್ದೆ. ಈಗ ಸೀಕು ಇದರ ಮೂಗಲ್ಲೈತಂತೆ. ನಿಮ್ ಕೋಳಿಗಳ್ನ ತಿಂತಿರೋದು ಇದೇ.”

ಯಾರೋ “ಅಯ್ಯೋ ತಲ್ಲೀ” ಎಂದರು. ಅಮ್ಮಾಜಮ್ಮ, “ಬ್ಯಾಡ ಕಣೆ, ದೇವರ ಕೋಳಿ, ಬ್ಯಾಡ,” ಎಂದು ಮುಂದೆ ಬಂದಳು.

ಮುನಿಗಂಗಮ್ಮ ಕೆಂಪಿಯ ಬೆನ್ನು ಸವರಿದಳು. ಅದು ಕಣ್ಣು ಮುಚ್ಚಿಕೊಂಡಿತು. ಕತ್ತು ಹಿಡಿದು ಒಂದು ಸಲ ತಿರುವಿದಳು. ರೆಕ್ಕೆ ನಿಲ್ಲುವವರೆಗೆ ಎದೆಗೆ ಒತ್ತಿ ಹಿಡಿದಿದ್ದಳು.

ಹಿತ್ತಲಲ್ಲಿ ಇಬ್ಬರೂ ಗುಂಡಿ ತೋಡಿದೆವು. ಸುಣ್ಣ ಸುರಿದೆವು. ತನ್ನ ಎಂಟು ಕೋಳಿಗಳ ಬಾನಿಗೂ ಕುದಿಯುವ ನೀರು ಹಾಕಿದಳು. ಯಾಕೆ ನನಗೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ.

“ನೀವೂ ನಂಗೆ ಏಳ್ಲಿಲ್ವಲ್ಲ,” ಎಂದಳು.

ಸರ್ಕಾರಿ ಡೈರಿ: ‘ಕೋಳಿ ರೋಗ ತಡೆ ಕುರಿತು ತಿಳುವಳಿಕೆ. ಹಾಜರು ೩೦.’

೨೭ ಜೂನ್, ಮಂಗಳವಾರ

ಸಾವು ನಿಂತಿದೆ. ಐದು ದಿನದಿಂದ ಒಂದೂ ಇಲ್ಲ.

ಪೂಜೆಗೆ ಮುನಿಗಂಗಮ್ಮನನ್ನು ಯಾರೂ ಕರೆಯಲಿಲ್ಲ. ಅವಳೂ ಹೋಗಲಿಲ್ಲ. ಬಾವಿಯ ಹತ್ತಿರ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಳ್ಳುತ್ತಾರೆ.

೩ ಜುಲೈ, ಸೋಮವಾರ

ಅಮ್ಮಾಜಮ್ಮನ ಮನೆಯಲ್ಲಿ ಎರಡು, ಅವಳ ಪಕ್ಕದ ಮನೆಯಲ್ಲಿ ಮೂರು. ಅದೇ ರೋಗ. ಆ ಸಾಲಿನಲ್ಲಿ ಮಾತ್ರ, ಬೇರೆ ಎಲ್ಲೂ ಇಲ್ಲ.

ಬೀದಿಯಲ್ಲಿ ಈಗ ಒಂದೇ ಮಾತು. ದೇವರ ಕೋಳಿಯ ಕತ್ತು ಮುರಿದವಳಿಂದಲೇ ಇದು. ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಸತ್ತ ಕೋಳಿ ಎಸೆದು ಹೋಗಿದ್ದಾರೆ. ಮುನಿಗಂಗಮ್ಮ ತೆಗೆದು ಹೂತಳು. ಎಸೆದವರನ್ನು ಬೈಯಲೂ ಇಲ್ಲ. ಚಾಂಪಿಯನ್ ರೀಫ್ಸ್‌ಗೆ ಹೋಗಿಬಿಡಲೇ, ಆಸ್ಪತ್ರೆ ಗುಡಿಸುವ ಕೆಲಸ ಕೇಳಿದರೆ ಕುಪ್ಪಣ್ಣ ಕೊಡಿಸಿಯಾನು ಎಂದಳು. ಟ್ರಂಕು ಹೊರಗೆ ತೆಗೆದು ಧೂಳು ಒರೆಸಿದ್ದಾಳೆ.

ನನಗೆ ಅರ್ಥವಾಗುತ್ತಿಲ್ಲ. ಕೆಂಪಿ ಇಲ್ಲ. ಬಾನಿಗಳೆಲ್ಲ ತೊಳೆದಾಗಿದೆ. ಇನ್ನೆಲ್ಲಿಂದ ಬರುತ್ತಿದೆ? ಡಾಕ್ಟರು ತಪ್ಪೇ? ನಾನು ತಪ್ಪೇ? ಸುಮ್ಮನೆ ಮುನಿಗಂಗಮ್ಮನ ಕೈಯಲ್ಲಿ ಅವಳ ಮಾನವನ್ನೇ ಕೊಲ್ಲಿಸಿದೆನೆ?

೬ ಜುಲೈ, ಗುರುವಾರ. ಬೆಳಿಗ್ಗೆ ಏಳು

ತನ್ನ ಎಂಟು ಕೋಳಿಗಳನ್ನು ನನಗೆ ಬಿಟ್ಟು ಮುನಿಗಂಗಮ್ಮ ಹತ್ತು ಗಂಟೆಯ ಬಸ್ಸಿಗೆ ಹೊರಡುವವಳು. ಅಂಗಳದಲ್ಲಿ ಮಂಡಳಿಯ ಖಾಲಿ ಗೂಡಿಗೆ ಸುಣ್ಣ ಬಳಿಯುತ್ತಿದ್ದಳು. ಹೋಗುವವಳಿಗೆ ಯಾಕೆ ಎಂದರೆ ಸುಮ್ಮನಿರಿ ಎಂದಳು. ನಾನು ಜಗಲಿಯ ಮೇಲೆ ಇದೇ ನೋಟ್‌ಬುಕ್ ಹಿಡಿದು ಕೂತಿದ್ದೆ.

ಅಮ್ಮಾಜಮ್ಮ ಬಂದಳು. ಈ ಜಗಲಿಯ ಮೇಲೆ ಎಂದೂ ಕೂತವಳಲ್ಲ. ಕಂಕುಳಲ್ಲಿ ಬುಟ್ಟಿ, ಮೇಲೆ ಹಳೆಯ ಸೀರೆ ಮುಚ್ಚಿದೆ. ಜಗಳಕ್ಕೇ ಬಂದಳು ಎಂದು ಎದ್ದು ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ.

“ಗಂಗಮ್ಮ, ಕದ ಆಕ್ಕೋಬ್ಯಾಡ.”

ಮನೆಯೊಳಗೆ ಹೊರಟಿದ್ದ ಮುನಿಗಂಗಮ್ಮ ನಿಂತಳು.

“ನಂದೂ ಒಂದು ಉಳಿದಿತ್ತು ಕಣೆ. ಆವತ್ತಿಂದಾನೂ. ಅಮ್ಮಂಗೆ ಬಿಡ್ಬೇಕಾಯ್ತದೆ ಅಂತ ಅಟ್ಟದ ಮ್ಯಾಲೆ ಬಚ್ಚಿಟ್ಕಂಡಿದ್ದೆ, ರಾತ್ರಿ ಇಳ್ಸಿ ಬಾನೀಲಿ ನೀರು ಕುಡಿಸ್ತಿದ್ದೆ. ಪೂಜಾರಿಗೂ ಏಳಿಲ್ಲ. ನಿನ್ ಕೋಳಿಗೆ ನಾನೇ ಕುಂಕುಮ ಇಟ್ಟೆ, ನನ್ ಕೋಳೀನ ಮುಚ್ಚಿಟ್ಟೆ. ನಿನ್ ಬಾಗಿಲಿಗೆ ಎಸ್ದಿದ್ದೂ ನಾನೇ.”

ಬುಟ್ಟಿಯನ್ನು ಜಗಲಿಯ ಮೇಲೆ ಇಟ್ಟಳು. ಒಳಗಿನಿಂದ ಒಂದು ಸಣ್ಣ ಸೀನು ಕೇಳಿಸಿತು.

“ನನ್ ಕೈಲಿ ಆಗ್ತಿಲ್ಲ ಕಣೆ. ಎರಡು ದಿನದಿಂದ ಕತ್ತು ಇಡ್ಕೊಂಡು ಬಿಟ್ಟು, ಇಡ್ಕೊಂಡು ಬಿಟ್ಟು ಮಾಡ್ತಾ ಇದ್ದೀನಿ. ನಿನ್ ಕೈಲಿ ಎಂಗಾಯ್ತೆ ಅದು?”

ಅಷ್ಟು ದೊಡ್ಡ ಹೆಂಗಸು ಕುಸಿದು ಕೂತು ಅತ್ತಳು. ಮುನಿಗಂಗಮ್ಮ ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಬುಟ್ಟಿಯ ಆಚೆ ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಎಂದು ಕಾದೆ. ನಾನಾಗಿದ್ದರೆ ಬೈದಿರುತ್ತಿದ್ದೆ. ಮುಚ್ಚಿದ ಸೀರೆಯನ್ನು ಸ್ವಲ್ಪ ಸರಿಸಿ ಒಳಗೆ ನೋಡಿದಳು. ಒಂದು ಕರಿ ಹೇಂಟೆ, ಅದೂ ಅವಳನ್ನು ನೋಡಿತು.

“ಏನಂತ ಕರೀತೀಯ ಅಕ್ಕ ಇದನ್ನ?”

ಅಮ್ಮಾಜಮ್ಮ ಬಾಯಿ ತೆರೆದಳು. ಹೆಸರು ಹೊರಡಲಿಲ್ಲ. ಮುನಿಗಂಗಮ್ಮ ಅವಸರ ಮಾಡದೆ ಕಾಯುತ್ತಿದ್ದಾಳೆ. ನಾನು ಗುದ್ದಲಿ ತರಬೇಕು—